ಒಂದು ಸೂತ ಜಾಗ

ಕಿಟಕಿ ಕೂರಿಸಲು ಬಂದಿದ್ದ ಹುಡುಗನಿಗೆ ಇಪ್ಪತ್ತೆರಡರ ಮೇಲಿರಲಿಕ್ಕಿಲ್ಲ. ಲೇಸರ್ ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದ. ಈಗ ಕೈಗೆ ಗವಸು ಹಾಕಿ, ಗಾಜಿಗೆ ರಬ್ಬರಿನ ಹಿಡಿ ಅಂಟಿಸಿ, ಎರಡು ಪದರದ ಆ ಗಾಜನ್ನು ಚೌಕಟ್ಟಿನೊಳಗೆ ಇಳಿಸಿದ. ಸುತ್ತಲೂ ಪ್ಲಾಸ್ಟಿಕ್ಕಿನ ಸಣ್ಣ ತುಂಡುಗಳನ್ನು ಸಿಕ್ಕಿಸುತ್ತ, "ಕಾಕಾ, ನಾಕೂ ಕಡೆ ಒಂದ್ ಸೂತ ಬಿಟ್ಟೇನ್ರಿ" ಅಂದ.

ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮಿಲಿಮೀಟರಿನಲ್ಲೇ ಅಳೆಯುವ ಹುಡುಗನ ಬಾಯಲ್ಲಿ ಆ ಮಾತು ಇನ್ನೂ ಉಳಿದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ನನಗದು ಮೊದಲು ಕಿವಿಗೆ ಬಿದ್ದದ್ದು 1986ರಲ್ಲಿ, ಹಳೇ ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ. ಆಗ ನನಗೆ ಹದಿನೇಳು.

ವಿದ್ಯಾನಗರದ ನಮ್ಮ ಮನೆ ಪಿ.ಬಿ. ರಸ್ತೆಗೆ ಮುಖ ಮಾಡಿದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ 22 ಕಿಲೋಮೀಟರ್ ಹಾಸಿಕೊಂಡಿರುವ ಬಿಆರ್‌ಟಿಎಸ್ ದಾರಿ ನಮ್ಮ ಕಿಟಕಿಯ ಕೆಳಗೇ ಹೋಗುತ್ತದೆ. ಚಿಗರಿ ಬಸ್ಸುಗಳದ್ದು ಅಂಥ ಸದ್ದೇನಿಲ್ಲ. ಅವುಗಳ ಎರಡೂ ಮಗ್ಗುಲಿಗೆ ಒತ್ತಿಕೊಂಡು ಓಡುವ ಉಳಿದ ವಾಹನಗಳ ಹಾರ್ನ್ ತಾಳಲಾಗುವುದಿಲ್ಲ. ಮೊಮ್ಮಗಳು ಹುಟ್ಟಿ ನಾಲ್ಕು ತಿಂಗಳು. ಕೂಸು ಹತ್ತು ನಿಮಿಷ ಮಲಗುತ್ತಿರಲಿಲ್ಲ. ಹಾಗಾಗಿ ಡಬಲ್ ಗ್ಲಾಸ್ ಹಾಕಿಸೋಣವೆಂದು ಸೊಸೆ ಕೇಳಿದಳು, ನಾನು ಹೂಂ ಅಂದೆ. ಹುಡುಗ ಕಿಟಕಿ ಮುಚ್ಚಿ ಹಿಡಿಕೆ ತಿರುಗಿಸಿದಾಗ ರಸ್ತೆ ದೂರ ಸರಿದು ನಿಂತಂತಾಯಿತು. ಹೊರಗೆ ಆಷಾಢದ ಗಾಳಿಗೆ ಬೇವಿನ ಮರ ತೂಗುತ್ತಿತ್ತು, ಸದ್ದು ಮಾತ್ರ ಇಲ್ಲ. ನಾನು ಆ ಗಾಜಿನ ಎದುರು ಬಹಳ ಹೊತ್ತು ಕೂತೆ.

ನಾನು ಹುಟ್ಟಿದ ಮನೆಯಲ್ಲಿ ಇದ್ದ ಗಾಜು ಒಂದೇ. ಮಣ್ಣಿನ ಮಾಳಿಗೆಯ ಬೆಳಕಿಂಡಿಯ ಮೇಲೆ ಮುಚ್ಚಿದ್ದ ಮೊಳದುದ್ದದ ಚೂರು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲು ಅಡುಗೆಮನೆಯ ಹೊಗೆಯಲ್ಲಿ ಕಂಬದ ಹಾಗೆ ನಿಲ್ಲುತ್ತಿತ್ತು. ಒಮ್ಮೆ ಮಂಗ ಓಡಾಡಿ ಅದು ಒಡೆದಾಗ ಹೊಸದು ತರಲು ಅವ್ವ ನನ್ನನ್ನು ಆ ಅಂಗಡಿಗೆ ಕಳಿಸಿದ್ದಳು. ಪಿಯುಸಿ ಫೇಲಾದ ಮೇಲೆ ಕೆಲಸ ಕೇಳಿಕೊಂಡು ಹೋದದ್ದೂ ಅಲ್ಲಿಗೇ.

ಅಂಗಡಿಯ ಒಡೆಯರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಗಾಜು ಕೊಯ್ಯುವವನನ್ನು ಚಾಚಾ ಎನ್ನುತ್ತಿದ್ದೆವು. ಆಗಲೇ ಐವತ್ತು ದಾಟಿದ್ದ ಚಾಚಾನ ಎಡಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ನರ ಕೊಯ್ದುಕೊಂಡಿತ್ತು. ಮುಂಬೈಯಿಂದ ಲಾರಿಯಲ್ಲಿ ಗಾಜಿನ ಪೇಟಿ ಬರುತ್ತಿತ್ತು, ಹುಲ್ಲು ಒತ್ತಿ ತುಂಬಿದ ಮರದ ಪೆಟ್ಟಿಗೆ. ಹಾಳೆ ಹಾಳೆಯ ನಡುವೆ ನಾವು ಹಳೆಯ ಸಂಯುಕ್ತ ಕರ್ನಾಟಕ ಪತ್ರಿಕೆ ಹಾಕಿ ಗೋಡೆಗೆ ಆನಿಸಿಡುತ್ತಿದ್ದೆವು. ಮಳೆಗಾಲದಲ್ಲಿ ಕಾಗದ ತಂಪು ಹಿಡಿದರೆ ಗಾಜಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಕಲೆ ಏಳುತ್ತಿತ್ತು. ಅದು ಎಷ್ಟು ಒರೆಸಿದರೂ ಹೋಗುವುದಿಲ್ಲ. ಹಾಗಾಗಿ ಪ್ರತಿ ಸೋಮವಾರ ಕಾಗದ ಬದಲಿಸುವುದು ನನ್ನ ಕೆಲಸ.

ಚಾಚಾ ಕಿವಿಯಿಂದ ಕೆಲಸ ಮಾಡುತ್ತಿದ್ದ. ವಜ್ರದ ಕಟ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿ ಹಿಡಿದು ಒಂದೇ ಎಳೆತ. ಗೆರೆ ಸರಿ ಬಿದ್ದರೆ ರೇಷ್ಮೆ ಹರಿದಂಥ ಸಣ್ಣ ಸದ್ದು. ಕರಕರ ಅಂದು ಬಿಳಿಯ ಪುಡಿ ಎದ್ದರೆ ಆ ಗೆರೆ ಕೆಟ್ಟಿತು. "ಕೇಳಿದೇನ ತಮ್ಮಾ? ಈಗ ಕಾಂಚು ಹೂಂ ಅಂತು. ಹೂಂ ಅನ್ನದಿದ್ರ ಮುರೀಲಿಕ್ಕೆ ಹೋಗಬ್ಯಾಡ." ಒಂದೇ ಗೆರೆಯ ಮೇಲೆ ಎರಡನೆಯ ಸಲ ಕಟ್ಟರ್ ಎಳೆಯುವುದನ್ನು ಅವನು ಎಂದೂ ಸಹಿಸಲಿಲ್ಲ.

ಆಗಿನ ಗಾಜಿಗೆ ಅಲೆ ಇರುತ್ತಿತ್ತು. ಕುಲುಮೆಯಿಂದ ಮೇಲಕ್ಕೆ ಎಳೆದು ಮಾಡುತ್ತಿದ್ದ ಹಾಳೆಯಾದ್ದರಿಂದ ಎಳೆದ ದಿಕ್ಕಿನ ಗುರುತು ಅದರಲ್ಲಿ ಉಳಿಯುತ್ತಿತ್ತು. ಕರಗಿದ ತವರದ ಮೇಲೆ ಗಾಜನ್ನು ಹರಿಸಿ ಸಪಾಟು ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲೇ ಪ್ರಕಟಿಸಿತ್ತು. ನಮ್ಮ ಅಂಗಡಿಯ ಮಟ್ಟಿಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ. ಅಲ್ಲಿಯ ತನಕ ಚಾಚಾ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು, ಅಲೆ ಅಡ್ಡಕ್ಕೆ ಬರುವ ಹಾಗೆ ತಿರುಗಿಸಿ ಕೊಯ್ಯುತ್ತಿದ್ದ. ಹಾಗೆ ಕೂರಿಸಿದರೆ ಹೊರಗಿನ ಮರ ವಕ್ರವಾಗಿ ಕಾಣುವುದು ಕಡಿಮೆ.

ಪುಟ್ಟಿ ನಾವೇ ನಾದುತ್ತಿದ್ದೆವು. ಚಾಕ್ ಪುಡಿ, ಅಗಸಿ ಎಣ್ಣೆ. ನಮ್ಮ ಎರಿ ಹೊಲದ ಅಗಸಿಯನ್ನು ನಾನು ಅಲ್ಲಿಯವರೆಗೆ ಕಂಡಿದ್ದು ಅವ್ವನ ಹಿಂಡಿಯಲ್ಲಿ ಮಾತ್ರ. ಎರಡು ಕೈಯಲ್ಲಿ ಗಂಟೆಗಟ್ಟಲೆ ಮಿದ್ದಿ, ರೊಟ್ಟಿ ಹಿಟ್ಟಿನಂತೆ ಬೆರಳಿಗೆ ಅಂಟದ ಹದಕ್ಕೆ ತರಬೇಕು. ರಾತ್ರಿ ಊಟಕ್ಕೆ ಕೂತಾಗಲೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ಧಾರವಾಡಕ್ಕೆ ಕೆಲಸಕ್ಕೆ ಹೋಗುವುದೆಂದರೆ ನನಗೆ ಹಬ್ಬ. ನಮ್ಮ ಕರಿಮಣ್ಣು ಮುಗಿದು ಅವರ ಕೆಂಪುಮಣ್ಣು ಶುರುವಾಗುವ ಕಡೆ ಗಾಳಿಯೇ ಬೇರೆ. ಹೆಂಚಿನ ಮನೆಗಳು, ಸಾಗವಾನಿಯ ಕಿಟಕಿಗಳು, ಮೇಲೆ ಅರ್ಧಚಂದ್ರದಲ್ಲಿ ಹಸಿರು, ಕೆಂಪು ಗಾಜು. ಜಿಟಿಜಿಟಿ ಮಳೆಗೆ ಅಲ್ಲಿನ ಕಟ್ಟಿಗೆ ಉಬ್ಬಿಕೊಳ್ಳುತ್ತಿತ್ತು. ಚೌಕಟ್ಟಿನ ಅಳತೆಗೆ ಸರಿಯಾಗಿ ಗಾಜು ಕೊಯ್ದ ನನ್ನ ಮೊದಲ ಕೆಲಸ ಆಷಾಢದಲ್ಲಿ ಮೂಲೆಯಿಂದ ಮೂಲೆಗೆ ಸೀಳಿತು. ಚಾಚಾ ಬೈಯಲಿಲ್ಲ. ಪಟ್ಟಿಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ತೋರಿಸಿದ: "ನಾಕೂ ಕಡೆ ಒಂದ್ ಸೂತ ಬಿಡು. ಕಟಗಿ ಉಬ್ಬತೈತಿ, ಇಳೀತೈತಿ. ನಡಕ ಕಾಂಚಿಗೆ ಉಸರಾಡಾಕ ಜಾಗ ಬೇಕಪಾ."

ಇಷ್ಟನ್ನು ಬರೆಯುವಾಗ ಕಳೆದುಹೋದದ್ದೆಲ್ಲ ಚೆಂದವೆಂದು ನಂಬುವ ಆಸೆ ನನಗೂ ಆಗುತ್ತದೆ. ಆದರೆ ಆ ಅಂಗಡಿಯಲ್ಲಿ ಗವಸು ಇರಲಿಲ್ಲ. ಕೊಯ್ದುಕೊಂಡರೆ ಗಾಯಕ್ಕೆ ಒತ್ತಲು ಅರಿಷಿಣ, ಸುತ್ತಲು ಹಳೆಯ ಧೋತರದ ಚಿಂದಿ. ಚಾಚಾನ ಬೆರಳು ಕೆಟ್ಟಾಗ ಅವನಿಗೆ ಸಿಕ್ಕಿದ್ದು ಎಂಟು ದಿನದ ಬಿಡುವು, ಆ ಎಂಟು ದಿನಕ್ಕೂ ಪಗಾರವಿಲ್ಲ. ಗಾಜಿನ ಬಗೆಗಿನ ತಿಳಿವೂ ಅಷ್ಟೇ ಕಿರಿದಾಗಿತ್ತು. ಮನೆಗೆ ಮೂರು, ನಾಲ್ಕು ಮಿಲಿಮೀಟರ್; ಅಂಗಡಿಗೆ ದಪ್ಪ. ಆ ಎರಡು ಕೆಲಸಗಳ ನಡುವೆ ದಪ್ಪ ಬಿಟ್ಟರೆ ಬೇರೆ ಯಾವ ವ್ಯತ್ಯಾಸವೂ ಇಲ್ಲವೆಂದು ನಾವು ನಂಬಿದ್ದೆವು.

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಅಂಗಡಿಗಳ ಮುಖ ಬದಲಾಯಿತು. ಕೊಪ್ಪಿಕರ ರಸ್ತೆ, ಸ್ಟೇಷನ್ ರಸ್ತೆ, ದುರ್ಗದಬೈಲು ಎಲ್ಲ ಕಡೆ ಹಲಗೆಯ ಬಾಗಿಲು ತೆಗೆಸಿ ಗಾಜು ಹಾಕಿಸತೊಡಗಿದರು. ಒಳಗೆ ಟ್ಯೂಬ್‌ಲೈಟು, ಗೊಂಬೆಗೆ ಉಡಿಸಿದ ಇಳಕಲ್ ಸೀರೆ, ಹೊರಗೆ ನಿಂತು ನೋಡುವ ಜನ. 1994ರ ದೀಪಾವಳಿಗೆ ಒಂದು ಬಟ್ಟೆ ಅಂಗಡಿಯ ಬಾಗಿಲಿನ ಕೆಲಸ ನಮಗೆ ಬಂತು. ಪಾಡ್ಯದ ದಿನ ಪೂಜೆ. ಬಾಗಿಲಿಗೆ ಟಫನ್ಡ್ ಗಾಜೇ ಆಗಬೇಕೆಂದು ಚಾಚಾನಿಗೆ ಗೊತ್ತಿತ್ತು. ಆದರೆ ಅದು ನಮ್ಮೂರಿನಲ್ಲಿ ತಯಾರಾಗುತ್ತಿರಲಿಲ್ಲ. ಅಳತೆ ಕಳಿಸಿ ಮುಂಬೈಯಿಂದ ತರಿಸಬೇಕು, ಹದಿನೈದು ದಿನ.

ಆ ಗಾಜಿನ ಗುಣ ಹೇಳಬೇಕು. ಸಾಮಾನ್ಯ ಗಾಜನ್ನು ಮೊದಲು ಅಳತೆಗೆ ಕೊಯ್ದು, ತೂತು ಕೊರೆದು, ಆಮೇಲೆ ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಒಮ್ಮೆಲೇ ತಣ್ಣನೆಯ ಗಾಳಿ ಊದುತ್ತಾರೆ. ಮೈ ಬೇಗ ಬಿಗಿಯುತ್ತದೆ, ಒಡಲು ನಿಧಾನಕ್ಕೆ ಬಿಗಿದು ಮೈಯನ್ನು ಒಳಕ್ಕೆ ಎಳೆಯುತ್ತದೆ. ಆ ಬಿಗಿತದಿಂದ ಅದಕ್ಕೆ ನಾಲ್ಕೈದು ಪಟ್ಟು ಬಲ. ಒಡೆದರೆ ಗೋವಿನಜೋಳದ ಕಾಳಿನಷ್ಟು ಚೂರು ಚೂರಾಗಿ ಉದುರುತ್ತದೆ. ಸಾಮಾನ್ಯ ಗಾಜು ಒಡೆದರೆ ಕತ್ತಿಯಾಗುತ್ತದೆ.

"ಬಾಗಲಕ್ಕ ಇದು ನಡಿಯೂದಿಲ್ರಿ ಸಾವ್ಕಾರ್ರ" ಎಂದು ಚಾಚಾ ಒಮ್ಮೆ ಹೇಳಿದ. ಸಾವ್ಕಾರ್ರು, ಸದ್ಯಕ್ಕೆ ಎಂಟು ಮಿಲಿಮೀಟರಿನದು ಹಾಕಿರಿ, ಹಬ್ಬ ಆದ ಮೇಲೆ ಬದಲಿಸೋಣ ಅಂದರು. ಚಾಚಾ ಎರಡನೆಯ ಸಲ ಹೇಳಲಿಲ್ಲ. ಕೊಯ್ದವನು ನಾನು. ಅಂಚು ಉಜ್ಜಿ ನಯ ಮಾಡಿದವನೂ ನಾನು. ಒಂದು ಕಲೆಯಿಲ್ಲದ ಹಾಗೆ ಒರೆಸಿ, ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ಚೊಕ್ಕ ಮಾಡಿ ಹೆಮ್ಮೆಪಟ್ಟವನೂ ನಾನೇ.

ಪಾಡ್ಯದ ಸಂಜೆ ಗದ್ದಲದಲ್ಲಿ ಹತ್ತು ವರ್ಷದ ಹುಡುಗನೊಬ್ಬ ರಸ್ತೆಯ ಆಚೆ ಸಿಡಿದ ಪಟಾಕಿ ನೋಡಲು ಅಂಗಡಿಯೊಳಗಿನಿಂದ ಓಡಿದ. ಅವನ ಕಣ್ಣಿಗೆ ಅಲ್ಲಿ ಬಾಗಿಲು ಇರಲಿಲ್ಲ. ಮೇಲ್ಭಾಗದ ತುಂಡು ಚೌಕಟ್ಟಿನಿಂದ ಜಾರಿ ಇಳಿದು ಅವನ ತೋಳಿನ ಮೇಲೆ ಬಿತ್ತು. ಹುಡುಗ ಬದುಕಿದ. ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ.

ಹಬ್ಬದ ಮೇಲೆ ಮುಂಬೈಯಿಂದ ಬೇರೆ ಗಾಜು ಬಂತು. ಅದನ್ನು ಕೂರಿಸಿದವರೂ ನಾವೇ. ಚಾಚಾ ಅವತ್ತು ಊಟ ಮಾಡಲಿಲ್ಲ. ಬಹಳ ವರ್ಷ ನಾನು ಆ ತಪ್ಪನ್ನು ಸಾವ್ಕಾರ್ರ ಮೇಲೆ ಹೊರಿಸಿ ಇಟ್ಟಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಗೊತ್ತಿದ್ದವನು ಒಂದೇ ಸಲ ಹೇಳಿ ಸುಮ್ಮನಾದ. ಚಾಚಾ ನನಗೆ ವಿದ್ಯೆ ಕೊಟ್ಟ ಗುರು, ಅವನ ನೆನಪಾದರೆ ಇಂದಿಗೂ ಕಣ್ಣು ತುಂಬುತ್ತದೆ, ಆದರೂ ಅಂದು ಅವನು ಕೆಲಸ ಬಿಟ್ಟೇನು ಅನ್ನಬೇಕಿತ್ತು. ನಾನು ಕಟ್ಟರ್ ಕೆಳಗಿಡಬೇಕಿತ್ತು.

ನಾಲ್ಕು ವರ್ಷದ ಮೇಲೆ ಅಂಗಡಿ ಬಿಟ್ಟೆ. ಅಲ್ಯೂಮಿನಿಯಂ ಕೆಲಸ ಕಲಿತು, 2004ರಲ್ಲಿ ಬೆಂಗಳೂರಿಗೆ ಹೋಗಿ ದೊಡ್ಡ ಕಟ್ಟಡಗಳಿಗೆ ಗಾಜಿನ ಮುಖ ಕಟ್ಟುವ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಆದೆ. ಮನೆಯ ಕಿಟಕಿಗೂ ಕಚೇರಿಯ ಗಾಜಿಗೂ ಎಷ್ಟು ದೂರ ಎಂಬುದು ನನಗೆ ತಿಳಿದದ್ದು ಅಲ್ಲಿ.

ಮೊದಲನೆಯದು ಭಾರ. ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಗಾಜು ಎರಡೂವರೆ ಕಿಲೋ ತೂಗುತ್ತದೆ. ಮೊಮ್ಮಗಳ ಕೋಣೆಗೆ ಈಗ ಹಾಕಿಸಿದ ಜೋಡಿ ಗಾಜು ಒಂದು ಪಡಕಿಗೆ ಇಪ್ಪತ್ತು ಕಿಲೋ ಒಳಗೆ. ಒಬ್ಬನೇ ಎತ್ತಿ ಕೂರಿಸಿದ. ಕಚೇರಿಯ ಆರು ಮಿಲಿಮೀಟರಿನ ಜೋಡಿ, ನಾಲ್ಕಡಿ ಅಗಲ, ಎಂಟಡಿ ಎತ್ತರದ್ದು, 89 ಕಿಲೋ. ಅದನ್ನು ಹತ್ತನೆಯ ಮಹಡಿಯಲ್ಲಿ ನೇತುಹಾಕಬೇಕು. ಗಾಜು ಕಟ್ಟಡವನ್ನು ಹೊರುವುದಿಲ್ಲ, ಕಟ್ಟಡ ಗಾಜನ್ನು ಹೊರುತ್ತದೆ. ಪ್ರತಿ ಮಹಡಿಯ ಸ್ಲ್ಯಾಬಿನ ಅಂಚಿಗೆ ಬ್ರಾಕೆಟ್, ಅದಕ್ಕೆ ಅಲ್ಯೂಮಿನಿಯಂ ಕಂಬ, ಕಂಬಕ್ಕೆ ಗಾಜು.

ಆಮೇಲೆ ಗಾಳಿ. ಮನೆಯ ಕಿಟಕಿಯನ್ನು ಗಾಳಿ ಒಳಕ್ಕೆ ದಬ್ಬುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಎತ್ತರದ ಕಟ್ಟಡದ ಮೂಲೆಗಳಲ್ಲಿ ಅದು ಗಾಜನ್ನು ಹೊರಕ್ಕೆ ಹೀರುತ್ತದೆ ಎಂದು ಒಬ್ಬ ಎಂಜಿನಿಯರ್ ಹುಡುಗಿ ಲೆಕ್ಕ ಬಿಡಿಸಿ ತೋರಿಸಿದಳು. ಚೌಕಟ್ಟು ಹೊರಗೆ ಕಾಣದ ಕೆಲಸದಲ್ಲಿ ಆ ಸೆಳೆತವನ್ನು ತಡೆಯುವುದು ಬರೀ ಸಿಲಿಕೋನ್. ಅದಕ್ಕೇ ಅದರ ಪಟ್ಟಿಯ ಅಗಲಕ್ಕೂ ಲೆಕ್ಕ, ಗಟ್ಟಿಯಾಗಲು ಬಿಡುವ ದಿನಕ್ಕೂ ಲೆಕ್ಕ, ಮಾದರಿ ತುಂಡನ್ನು ಎಳೆದು ನೋಡಿದ ದಾಖಲೆ. ಅದೇ ಎಂಜಿನಿಯರ್ ಮತ್ತೊಂದು ದಿನ, ಮೂರು ಮೀಟರ್ ಅಲ್ಯೂಮಿನಿಯಂ 40 ಡಿಗ್ರಿ ಬಿಸಿಯ ಏರಿಳಿತಕ್ಕೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟು ಸಂದು ಬಿಡಲೇಬೇಕು ಅಂದಳು. ಮೂರು ಮಿಲಿಮೀಟರ್ ಅಂದರೆ ಒಂದು ಸೂತ. ಧಾರವಾಡದ ಮಳೆಯಲ್ಲಿ ಉಗುರೊತ್ತಿ ತೋರಿಸಿದ ಅಳತೆ ಅವಳ ಕಾಗದದ ಮೇಲಿತ್ತು. ನಾನು ಆಕೆಗೆ ಚಾಚಾನ ಕತೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು.

ಜೋಡಿ ಗಾಜಿನಲ್ಲೂ ಮನೆಯದು ಬೇರೆ, ಕಚೇರಿಯದು ಬೇರೆ. ಎರಡು ಹಾಳೆಗಳ ನಡುವೆ ಸುತ್ತಲೂ ಟೊಳ್ಳು ಅಲ್ಯೂಮಿನಿಯಂ ಪಟ್ಟಿ, ಅದರೊಳಗೆ ತೇವ ಹೀರುವ ಕಾಳು, ಅಂಚಿಗೆ ಎರಡು ಸುತ್ತು ಅಂಟು. ಮನೆಯ ಕಿಟಕಿಯಲ್ಲಿ ಆ ಅಂಚು ಚೌಕಟ್ಟಿನೊಳಗೆ ಮುಚ್ಚಿರುತ್ತದೆ. ಪಾಲಿಸಲ್ಫೈಡ್ ಅಂಟು ಸಾಕು. ಗಾಜಿನ ಮುಖದ ಕಟ್ಟಡದಲ್ಲಿ ಅಂಚಿಗೆ ನೇರ ಬಿಸಿಲು ಬೀಳುತ್ತದೆ, ಅಲ್ಲಿ ಸಿಲಿಕೋನೇ ಬೇಕು. ಹಣ ಉಳಿಸಲು ಒಬ್ಬ ಗುತ್ತಿಗೆದಾರ ಮನೆಗೆ ಮಾಡುವ ಜೋಡಿಯನ್ನೇ ಕಚೇರಿಗೆ ಕೂರಿಸಿದ್ದನ್ನು ಕಂಡಿದ್ದೇನೆ. ಮೂರನೆಯ ಮಳೆಗಾಲಕ್ಕೆ ಎರಡು ಗಾಜುಗಳ ನಡುವೆ ಹಬೆ ಕಟ್ಟಿತು. ಒಳಗೆ ಕಟ್ಟಿದ ಹಬೆಯನ್ನು ಒರೆಸುವ ದಾರಿಯಿಲ್ಲ. ಅಷ್ಟೂ ಬಿಚ್ಚಿ ಹೊಸದು ಹಾಕಬೇಕಾಯಿತು.

2010ರ ಫೆಬ್ರುವರಿ 23ರ ಸಂಜೆಯನ್ನು ನಮ್ಮ ಕಸುಬಿನವರು ಯಾರೂ ಮರೆಯಲಾರೆವು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿತು. ಉಸಿರಿಗಾಗಿ ಜನ ಗಾಜು ಒಡೆದರು, ಅಲ್ಲಿಂದ ಜಿಗಿದರು. ಒಂಬತ್ತು ಜನ ಸತ್ತರು. ಆ ಕೆಲಸ ನಮ್ಮದಾಗಿರಲಿಲ್ಲ. ಆದರೆ ತೆರೆಯಲಾಗದ ಗಾಜನ್ನು ಎಷ್ಟೋ ಕಟ್ಟಡಗಳಿಗೆ ನಾವೂ ಕೂರಿಸಿದ್ದೆವು. ಮನೆಯ ಕಿಟಕಿಗೆ ಹಿಡಿಕೆ ಇರುತ್ತದೆ. ಎಷ್ಟು ಬಡವರ ಮನೆಯಾದರೂ ಒಳಗಿರುವವರು ಅದನ್ನು ತೆರೆಯಬಲ್ಲರು. ನಾವು ಕಟ್ಟಿದ ಗಾಜಿನ ಗೋಡೆಗೆ ಕೈಯಿಡುವ ಜಾಗವೇ ಇರಲಿಲ್ಲ. ಅಂದಿನಿಂದ ನನ್ನ ಕೈಗೆ ಬಂದ ಪ್ರತಿ ನಕ್ಷೆಯಲ್ಲೂ ನಾನು ಮೊದಲು ಹುಡುಕಿದ್ದು ತೆರೆಯುವ ಪಡಕು ಎಲ್ಲಿದೆ, ಸ್ಲ್ಯಾಬಿಗೂ ಗಾಜಿಗೂ ನಡುವಿನ ಸಂದಿಯನ್ನು ಬೆಂಕಿ ತಡೆಯುವ ಸರಕಿನಿಂದ ತುಂಬಿದ್ದಾರೋ ಎಂದು. ಆ ಸಂದಿ ಖಾಲಿ ಬಿಟ್ಟರೆ ಕೆಳಗಿನ ಮಹಡಿಯ ಹೊಗೆ ಅಲ್ಲಿಂದಲೇ ಮೇಲೇರುತ್ತದೆ. ಎರಡು ಸಲ ಇದಕ್ಕಾಗಿ ಜಗಳ ಮಾಡಿದೆ. ಒಂದು ಸಲ ಗೆದ್ದೆ, ಇನ್ನೊಂದು ಸಲ ಕೆಲಸ ಬಿಟ್ಟೆ. 1994ರಲ್ಲಿ ಮಾಡಬೇಕಿದ್ದುದನ್ನು ಆಗ ಮಾಡಿದೆ.

ಈಗ ಹುಬ್ಬಳ್ಳಿಗೆ ಮರಳಿದ್ದೇನೆ. ಗೋಕುಲ ರಸ್ತೆ, ವಿದ್ಯಾನಗರ, ನವನಗರ ಎಲ್ಲ ಕಡೆ ಗಾಜಿನ ಮುಖಗಳು ಎದ್ದಿವೆ. ಪಡುವಣಕ್ಕೆ ಮುಖ ಮಾಡಿ, ಒಂದು ಛಜ್ಜಾ ಕೂಡ ಇಲ್ಲದೆ, ಬರೀ ಗಾಜಾಗಿ ನಿಂತ ಕಟ್ಟಡಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಡಬಲ್ ಗ್ಲೇಜಿಂಗ್ ಹುಟ್ಟಿದ್ದು ಒಳಗಿನ ಬಿಸಿ ಹೊರಹೋಗದಿರಲೆಂದು, ಹಿಮ ಬೀಳುವ ದೇಶಗಳಲ್ಲಿ. ಧಾರವಾಡದ ಚಳಿಗೆ ಒಂದು ಕೌದಿ ಸಾಕು. ನಮಗಿರುವುದು ಬಿಸಿಲಿನ ಕಾಟ, ಮತ್ತು ಬರೀ ತಿಳಿಗಾಜನ್ನು ಎರಡು ಪದರ ಹಾಕಿದರೆ ಬಿಸಿಲು ಹೆಚ್ಚುಕಡಿಮೆ ಹಾಗೇ ಒಳಬರುತ್ತದೆ. ಅದನ್ನು ತಡೆಯಬೇಕಾದರೆ ಹೊರಗಾಜಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಬೇಕು, ಇಲ್ಲವೇ ಹೊರಗೆ ನೆರಳು ಬೇಕು. ನೆರಳು ಅಗ್ಗ. ಧಾರವಾಡದ ಹೆಂಚಿನ ಮನೆಗಳ ಪಡಸಾಲೆಗೆ ಅದು ಗೊತ್ತಿತ್ತು.

ಮನೆಯಲ್ಲಿ ಡಬಲ್ ಗ್ಲಾಸಿನ ನಿಜವಾದ ಉಪಯೋಗ ಸದ್ದು ಮತ್ತು ಧೂಳಿಗೆ. ಅದಕ್ಕೂ ಒಂದು ಗುಟ್ಟಿದೆ. ಎರಡೂ ಹಾಳೆ ಒಂದೇ ದಪ್ಪವಿದ್ದರೆ ಒಂದು ಬಿಟ್ಟುಕೊಟ್ಟ ಸ್ವರವನ್ನು ಇನ್ನೊಂದೂ ಬಿಟ್ಟುಕೊಡುತ್ತದೆ. ಹಾಗಾಗಿ ನಾನು ಹೊರಗೆ ಆರು, ಒಳಗೆ ನಾಲ್ಕು ಮಿಲಿಮೀಟರ್ ಬೇಕೆಂದು ಹಟ ಹಿಡಿದೆ. ಸರಿಸುವ ಕಿಟಕಿ ಬೇಡ, ಕದದಂತೆ ತೆರೆದು ಒತ್ತಿ ಮುಚ್ಚುವುದೇ ಬೇಕು ಅಂದೆ. ಸರಿಸುವ ಕಿಟಕಿಯಲ್ಲಿ ಎಷ್ಟು ಗಾಜು ಹಾಕಿದರೂ ಹಳಿಯ ಸಂದಿಯಿಂದ ಹಾರ್ನ್ ಒಳಬರುತ್ತದೆ. ಮತ್ತು ಎರಡೂ ಪಡಕು ಪೂರ್ತಿ ತೆರೆಯಬೇಕು, ಒಂದೂ ಖಾಯಂ ಮುಚ್ಚಿರಬಾರದು.

ಹುಡುಗ ಹೊರಡುವ ಮುನ್ನ ಗಾಜಿನ ಕೆಳಮೂಲೆ ತೋರಿಸಿದ. ಉಗುರಿನಷ್ಟು ಮುದ್ರೆ, ಟಫನ್ಡ್ ಎಂದು. ನಾನು ಕೇಳಿರಲಿಲ್ಲ, ಅವನಾಗಿಯೇ ತೋರಿಸಿದ. ಯಾರಿಂದ ಕಲಿತೆ ಎಂದು ಕೇಳಿದೆ. "ನಮ್ಮ ಉಸ್ತಾದ್ರು ಹೇಳ್ಯಾರ್ರಿ, ಮುದ್ರಿ ತೋರಸದ ರೊಕ್ಕ ತಗೋಬ್ಯಾಡಂತ." ಆ ಉಸ್ತಾದ ಯಾರೋ ನನಗೆ ಗೊತ್ತಿಲ್ಲ. ಚಾಯ್ ಕುಡಿಸಿ ಕಳಿಸಿದೆ.

ಓದುವವರಲ್ಲಿ ಅಂಗಡಿ, ಬ್ಯಾಂಕು, ದವಾಖಾನೆ, ಶಾಲೆ ನಡೆಸುವವರು ಇರುತ್ತೀರಿ. ನಿಮ್ಮ ಬಾಗಿಲು ಗಾಜಿನದಾಗಿದ್ದರೆ ಇವತ್ತೇ ಬಗ್ಗಿ ಅದರ ಮೂಲೆ ನೋಡಿರಿ. ಮುದ್ರೆ ಇಲ್ಲದಿದ್ದರೆ, ಕೂರಿಸಿದವರನ್ನು ಕರೆಸಿ ಕೇಳಿರಿ. ಬದಲಿಸುವ ತನಕ, ದೊಡ್ಡವರ ಕಣ್ಣಿನ ಎತ್ತರಕ್ಕೊಂದು, ಹತ್ತು ವರ್ಷದ ಹುಡುಗನ ಕಣ್ಣಿನ ಎತ್ತರಕ್ಕೊಂದು ಬಣ್ಣದ ಪಟ್ಟಿ ಅಂಟಿಸಿರಿ.